ಇಡೀ ಕಂಪ್ಯೂಟರ್‌ಗೇ ಜಾಹೀರಾತು ತಡೆ: ಹೋಸ್ಟ್ಸ್ ಫೈಲ್‌ನಿಂದ ಆಡ್‌ಗಾರ್ಡ್ ಹೋಮ್‌ವರೆಗೆ

ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಶನ್ ಹಾಕಿದರೆ ಆ ಬ್ರೌಸರ್‌ನಲ್ಲಿ ಮಾತ್ರ ಜಾಹೀರಾತು ನಿಲ್ಲುತ್ತದೆ. ಟಾಸ್ಕ್‌ಬಾರ್‌ನ ವಿಜೆಟ್‌ಗಳು, ಉಚಿತ ಪಿಡಿಎಫ್ ರೀಡರ್, ಸ್ಟೋರ್‌ನಿಂದ ಇಳಿಸಿಕೊಂಡ ಇಸ್ಪೀಟಾಟ, ಮನೆಯಲ್ಲಿ ಇನ್ನೊಬ್ಬರು ಬಳಸುವ ಎರಡನೇ ಬ್ರೌಸರ್ ಎಲ್ಲವೂ ತಮ್ಮ ಪಾಡಿಗೆ ಜಾಹೀರಾತು ತರಿಸಿಕೊಳ್ಳುತ್ತಲೇ ಇರುತ್ತವೆ. ಆದರೆ ಹೆಚ್ಚುಕಡಿಮೆ ಇವೆಲ್ಲವೂ ಹೊರಗೆ ಹೋಗುವ ಮುನ್ನ ಡಿಎನ್‌ಎಸ್ ಅನ್ನು, ಅಂದರೆ ತಾಣದ ಹೆಸರಿಗೆ ಅದರ ಅಂಕಿಯ ವಿಳಾಸ (ಐಪಿ) ಹೇಳುವ ಸೇವೆಯನ್ನು, ಕೇಳಲೇಬೇಕು. ಜಾಹೀರಾತು ಸರ್ವರ್‌ನ ಐಪಿ ವಿಳಾಸವೇ ಸಿಗದ ಪ್ರೋಗ್ರಾಂ ಅದನ್ನು ತಲುಪುವುದಿಲ್ಲ. ತಡೆ ಹಾಕಬೇಕಾದ್ದು ಅಲ್ಲಿ.

ಇಲ್ಲಿರುವುದು ವಿಂಡೋಸ್ 11 ಇರುವ ಮನೆಯ ಕಂಪ್ಯೂಟರ್‌ನ ಕೆಲಸ. ಲಿನಕ್ಸ್‌ನಲ್ಲಿ ಬೇರೆಯಾಗುವ ಭಾಗವನ್ನು ಕೊನೆಯ ಕಡೆ ಹೇಳಿದೆ. ಹೊಸ ಯಂತ್ರಾಂಶ ಏನೂ ಬೇಡ, ಅಡ್ಮಿನ್ ಪಾಸ್‌ವರ್ಡ್ ಇದ್ದರೆ ಸಾಕು. ಆದೇಶಗಳನ್ನೂ ಡೊಮೇನ್ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೊದಲ ಹಂತ: ಹೋಸ್ಟ್ಸ್ ಫೈಲ್

ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಂ32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಅಲ್ಲಿ 'ಹೋಸ್ಟ್ಸ್' ಎಂಬ, ಎಕ್ಸ್‌ಟೆನ್ಶನ್ ಇಲ್ಲದ ಫೈಲ್ ಇದೆ. ಒಂದು ಹೆಸರಿಗೆ ವಿಳಾಸ ಬೇಕಾದಾಗ ವಿಂಡೋಸ್ ಹೊರಗಿನ ಡಿಎನ್‌ಎಸ್ ಅನ್ನು ಕೇಳುವ ಮೊದಲು ಇಲ್ಲಿ ನೋಡುತ್ತದೆ. ಇಲ್ಲೇ ಉತ್ತರ ಸಿಕ್ಕರೆ ಹೊರಗೆ ಹೋಗುವುದೇ ಇಲ್ಲ. ಒಂದು ಸಾಲಿನ ರೂಪ ಹೀಗೆ:

0.0.0.0 ಆ್ಯಡ್.ಡಬಲ್‌ಕ್ಲಿಕ್.ನೆಟ್

ಮೊದಲು ವಿಳಾಸ, ನಡುವೆ ಒಂದು ಜಾಗ, ಆಮೇಲೆ ಬರೀ ಹೆಸರು. ಹಿಂದೆ ಎಚ್‌ಟಿಟಿಪಿ ಬೇಡ, ಮುಂದೆ ಓರೆಗೆರೆ ಬೇಡ, ಪೋರ್ಟ್ (ಯಂತ್ರಕ್ಕೆ ಸಂಪರ್ಕ ಬರುವ ಬಾಗಿಲು) ಸಂಖ್ಯೆಯೂ ಬೇಡ. ಹಳೆಯ ಸಲಹೆಗಳಲ್ಲಿ 0.0.0.0 ಬದಲು 127.0.0.1 ಇರುತ್ತದೆ. ಅದನ್ನು ಬಳಸಬೇಡಿ. 127.0.0.1 ಎಂದರೆ ನಿಮ್ಮದೇ ಯಂತ್ರ. ಬ್ರೌಸರ್ ಪ್ರತಿ ಜಾಹೀರಾತಿಗೂ ನಿಮ್ಮ ಯಂತ್ರದ ಪೋರ್ಟನ್ನೇ ತಟ್ಟಿ ಉತ್ತರಕ್ಕೆ ಕಾಯುತ್ತದೆ. ಕಾಲೇಜು ಪ್ರಾಜೆಕ್ಟ್‌ಗೆಂದು, ಸ್ವಂತ ಯಂತ್ರದಲ್ಲೇ ವೆಬ್ ಸರ್ವರ್ ಓಡಿಸುವ ಝ್ಯಾಂಪ್ ಹಾಕಿಕೊಂಡಿದ್ದರೆ ಅದರ ಅಪಾಚೆ ಸರ್ವರ್ ಪ್ರತಿಯೊಂದಕ್ಕೂ 404 ('ಪುಟ ಇಲ್ಲ') ಕೊಡುತ್ತಾ ಕೂರುತ್ತದೆ. ವಿಂಡೋಸ್‌ನಲ್ಲಿ 0.0.0.0 ಗೆ ಸಂಪರ್ಕ ತಕ್ಷಣ ವಿಫಲವಾಗುತ್ತದೆ, ಪುಟ ತಡವಾಗುವುದಿಲ್ಲ.

ಪಟ್ಟಿಯನ್ನು ಕೈಯಿಂದ ಬರೆಯುವ ಅಗತ್ಯವಿಲ್ಲ. ಸ್ಟೀವನ್ ಬ್ಲ್ಯಾಕ್ ಅವರು ಗಿಟ್‌ಹಬ್‌ನಲ್ಲಿ ಇಟ್ಟಿರುವ ಒಗ್ಗೂಡಿಸಿದ ಹೋಸ್ಟ್ಸ್ ಪಟ್ಟಿ ಈ ಕೆಲಸಕ್ಕೆಂದೇ ಇದೆ. ಮೂಲ ಪಟ್ಟಿ ಜಾಹೀರಾತು ಮತ್ತು ಮಾಲ್‌ವೇರ್ ಡೊಮೇನ್‌ಗಳದ್ದು. ಜೂಜು, ಅಶ್ಲೀಲ, ಸಾಮಾಜಿಕ ಜಾಲ, ಸುಳ್ಳು ಸುದ್ದಿ ಇವನ್ನು ಬೇಕಾದವರು ಸೇರಿಸಿಕೊಳ್ಳಬಹುದು. ಮೂಲ ಪಟ್ಟಿಯಿಂದಲೇ ಶುರು ಮಾಡಿ.

ಮೊದಲು ಹಳೆಯ ಫೈಲ್‌ನ ಪ್ರತಿ ತೆಗೆದಿಡಿ. ಆಮೇಲೆ ಹೋಸ್ಟ್ಸ್ ಫೈಲನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ಅಲ್ಲಿ ನೋಟ್‌ಪ್ಯಾಡ್‌ನಲ್ಲಿ ತೆರೆದು, ಪಟ್ಟಿಯನ್ನು ಅಂಟಿಸಿ, ಉಳಿಸಿ, ಇಟಿಸಿ ಫೋಲ್ಡರ್‌ಗೆ ವಾಪಸ್ ಕಾಪಿ ಮಾಡಿ. ಅಡ್ಮಿನ್ ಅನುಮತಿ ಕೇಳುತ್ತದೆ, ಕೊಡಿ. ಇಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. 'ಸೇವ್ ಆ್ಯಸ್' ಒತ್ತಿದಾಗ ನೋಟ್‌ಪ್ಯಾಡ್ ತಾನಾಗಿ ಡಾಟ್ ಟಿಎಕ್ಸ್‌ಟಿ ಸೇರಿಸುತ್ತದೆ. ಎಕ್ಸ್‌ಪ್ಲೋರರ್ ಎಕ್ಸ್‌ಟೆನ್ಶನ್ ಅಡಗಿಸಿರುವುದರಿಂದ ಫೈಲ್ ಸರಿಯಾಗಿಯೇ ಕಾಣುತ್ತದೆ, ಆದರೆ ವಿಂಡೋಸ್ ಅದನ್ನು ಓದುವುದಿಲ್ಲ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಹಾಕಿಕೊಂಡರೆ ಗೊತ್ತಾಗುತ್ತದೆ. ಎರಡನೆಯದು ಎನ್‌ಕೋಡಿಂಗ್. ಯುಟಿಎಫ್-16ರಲ್ಲಿ ಉಳಿಸಿದರೆ ಒಂದು ಸಾಲೂ ಕೆಲಸ ಮಾಡುವುದಿಲ್ಲ. ಆನ್ಸಿ ಅಥವಾ ಬಾಮ್ (ಫೈಲ್‌ನ ಆರಂಭದಲ್ಲಿ ಸೇರುವ ಅಡಗಿದ ಗುರುತು) ಇಲ್ಲದ ಯುಟಿಎಫ್-8 ಇರಲಿ.

ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್' ಕೊಟ್ಟು ಹಳೆಯ ನೆನಪನ್ನು ಅಳಿಸಿ. ನಂತರ ಪರೀಕ್ಷೆ. ಬಹಳ ಜನ ಇಲ್ಲಿ ಎನ್‌ಎಸ್‌ಲುಕಪ್ ಓಡಿಸಿ, ಅಸಲಿ ವಿಳಾಸ ಬಂತೆಂದು ಎಲ್ಲವನ್ನೂ ಮತ್ತೆ ಬಿಚ್ಚುತ್ತಾರೆ. ಎನ್‌ಎಸ್‌ಲುಕಪ್ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ, ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಹೋಸ್ಟ್ಸ್ ಪರೀಕ್ಷೆಗೆ ಪಿಂಗ್ ಬಳಸಿ, ಇಲ್ಲವೇ ಪವರ್‌ಶೆಲ್‌ನ 'ರಿಸಾಲ್ವ್-ಡಿಎನ್‌ಎಸ್‌ನೇಮ್'. 0.0.0.0 ಕಂಡರೆ ಕೆಲಸ ಆಗಿದೆ. ಪಿಂಗ್ ಮುಂದೆ ಹೋಗದೆ ದೋಷ ತೋರಿಸುತ್ತದೆ. ಇಲ್ಲಿ ಆಗಬೇಕಾದ್ದೂ ಅದೇ.

ಈ ಹಂತದಲ್ಲಿ ಇನ್ನೆರಡು ತೊಂದರೆಗಳಿವೆ. ಉದ್ದ ಪಟ್ಟಿ ಹಾಕಿದ ಮೇಲೆ ಡಿಎನ್‌ಎಸ್ ಕ್ಲೈಂಟ್ ಸೇವೆ ಅದನ್ನು ಓದಿ ಮುಗಿಸಲು ಪ್ರೊಸೆಸರ್ ತಿನ್ನಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಸ್‌ವಿಸಿಹೋಸ್ಟ್ ಮೇಲೇರಿ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಹೆಸರು ಹಾಕಬಹುದು, ಹಾಗೆ ಮಾಡಿದರೆ ಸಾಲುಗಳ ಸಂಖ್ಯೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಟೀವನ್ ಬ್ಲ್ಯಾಕ್ ಅವರ ಪೈಥಾನ್ ಸ್ಕ್ರಿಪ್ಟ್‌ನಲ್ಲಿ 'ಕಂಪ್ರೆಸ್' ಆಯ್ಕೆ ಇರುವುದು ಇದಕ್ಕೇ. ಇನ್ನೊಂದು ವಿಂಡೋಸ್‌ನ ವೈರಸ್ ತಡೆ ತಂತ್ರಾಂಶವಾದ ಡಿಫೆಂಡರ್‌ನದ್ದು. 2020ರಿಂದೀಚೆಗೆ, ಮೈಕ್ರೋಸಾಫ್ಟ್‌ನ ಟೆಲಿಮೆಟ್ರಿ (ಬಳಕೆಯ ಮಾಹಿತಿ ತರಿಸಿಕೊಳ್ಳುವ) ಸರ್ವರ್‌ಗಳನ್ನು ತಡೆಯುವ ಸಾಲುಗಳು ಹೋಸ್ಟ್ಸ್‌ನಲ್ಲಿ ಕಂಡರೆ ಅದು 'ಹೋಸ್ಟ್ಸ್ ಫೈಲ್ ಹೈಜಾಕ್' ಎಂದು ಎಚ್ಚರಿಸುತ್ತದೆ. 'ಕ್ಲೀನ್' ಒತ್ತಿದರೆ ನೀವು ಹಾಕಿದ ಪಟ್ಟಿಯೆಲ್ಲ ಹೋಗಿ ಮೂಲ ಫೈಲ್ ವಾಪಸ್ ಬರುತ್ತದೆ. ಆ ಸಾಲುಗಳನ್ನು ಪಟ್ಟಿಯಿಂದ ತೆಗೆದುಹಾಕುವುದು ಸರಿಯಾದ ದಾರಿ. ಅವಕ್ಕಾಗಿ ಡಿಫೆಂಡರ್‌ಗೆ ವಿನಾಯಿತಿ ಕೊಟ್ಟರೆ, ನಾಳೆ ನಿಜವಾದ ಮಾಲ್‌ವೇರ್ ಈ ಫೈಲನ್ನು ತಿದ್ದಿದಾಗ ನಿಮಗೆ ಗೊತ್ತೇ ಆಗುವುದಿಲ್ಲ.

ಹೋಸ್ಟ್ಸ್ ಎಲ್ಲಿ ಸಾಲದಾಗುತ್ತದೆ

ಹೋಸ್ಟ್ಸ್ ಫೈಲ್‌ನಲ್ಲಿ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ. 'ಡಬಲ್‌ಕ್ಲಿಕ್.ನೆಟ್' ಎಂದು ಬರೆದರೆ ಆ ಒಂದು ಹೆಸರು ಮಾತ್ರ ನಿಲ್ಲುತ್ತದೆ, 'ಗೂಗಲ್‌ಆ್ಯಡ್ಸ್.ಜಿ.ಡಬಲ್‌ಕ್ಲಿಕ್.ನೆಟ್' ಹಾಗೆಯೇ ಹಾದುಹೋಗುತ್ತದೆ. ಜಾಹೀರಾತು ಜಾಲಗಳು ಹೊಸ ಹೊಸ ಉಪಡೊಮೇನ್ ತೆರೆಯುತ್ತಲೇ ಇರುವುದರಿಂದ ಪಟ್ಟಿ ಯಾವಾಗಲೂ ಹಿಂದೆಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕೊರತೆ, ಏನು ತಡೆಯಿತು, ಯಾವುದು ಕೆಟ್ಟಿತು ಎಂಬ ದಾಖಲೆ ಇಲ್ಲದಿರುವುದು. ಬ್ಯಾಂಕಿನ ಪುಟವೋ ಬುಕಿಂಗ್ ಪುಟವೋ ತೆರೆಯದಿದ್ದಾಗ ಲಕ್ಷದ ಆಸುಪಾಸಿನ ಸಾಲುಗಳಲ್ಲಿ ಕಾರಣ ಹುಡುಕುವುದು ಆಗದ ಮಾತು. ತಡೆಯುವುದು ಸುಲಭ. ತಡೆದ ಮೇಲೆ ಕೆಟ್ಟದ್ದನ್ನು ಪತ್ತೆ ಮಾಡುವುದೇ ನಿಜವಾದ ಕೆಲಸ, ಅದಕ್ಕೆ ಲಾಗ್ ಬೇಕು. ಆದ್ದರಿಂದ ಯಂತ್ರದೊಳಗೇ ಒಂದು ಚಿಕ್ಕ ಡಿಎನ್‌ಎಸ್ ಸರ್ವರ್ ಕೂರಿಸುವುದು ಉತ್ತಮ.

ಎರಡನೇ ಹಂತ: ಆಡ್‌ಗಾರ್ಡ್ ಹೋಮ್

ಜಾಹೀರಾತು ತಡೆಯುವ ಇಂಥ ಡಿಎನ್‌ಎಸ್ ಸರ್ವರ್‌ಗಳಲ್ಲಿ ಪೈ-ಹೋಲ್ ಹೆಚ್ಚು ಪ್ರಸಿದ್ಧ, ಆದರೆ ಅದಕ್ಕೆ ಲಿನಕ್ಸ್ ಬೇಕು. ಆಡ್‌ಗಾರ್ಡ್ ಹೋಮ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಒಂದೇ ಫೈಲ್‌ನಿಂದ ಓಡುತ್ತದೆ, ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ಅದೇ ಕಂಪನಿಯ ಹಣ ಕೊಟ್ಟು ಕೊಳ್ಳುವ 'ಆಡ್‌ಗಾರ್ಡ್ ಫಾರ್ ವಿಂಡೋಸ್' ಬೇರೆ. ಇಳಿಸುವಾಗ ಹೆಸರು ನೋಡಿಕೊಳ್ಳಿ.

ಗಿಟ್‌ಹಬ್‌ನ ಬಿಡುಗಡೆ ಪುಟದಿಂದ ವಿಂಡೋಸ್ ಎಎಂಡಿ64 ಜಿಪ್ ಇಳಿಸಿ. ಇಂಟೆಲ್ ಪ್ರೊಸೆಸರ್ ಇದ್ದರೂ ಇದೇ. ಬಿಚ್ಚುವ ಮೊದಲು ಅದಕ್ಕೊಂದು ಕಾಯಂ ಜಾಗ ಮಾಡಿ, ಉದಾಹರಣೆಗೆ ಸಿ ಡ್ರೈವ್‌ನ 'ಪ್ರೋಗ್ರಾಂ ಫೈಲ್ಸ್' ಒಳಗೆ ಒಂದು ಫೋಲ್ಡರ್. ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೇ ಓಡಿಸಬಾರದು. ಸೇವೆ ಆ ಫೈಲ್ ಇರುವ ದಾರಿಗೇ ಕಟ್ಟಿಕೊಳ್ಳುತ್ತದೆ. ಮುಂದೊಂದು ದಿನ ಯಾರಾದರೂ ಡೌನ್‌ಲೋಡ್ಸ್ ಖಾಲಿ ಮಾಡಿದರೆ ಇಂಟರ್ನೆಟ್ಟೇ ಸತ್ತಂತೆ ಕಾಣುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಆ ಫೋಲ್ಡರ್‌ಗೆ ಹೋಗಿ 'ಆಡ್‌ಗಾರ್ಡ್‌ಹೋಮ್.ಇಎಕ್ಸ್‌ಇ -ಎಸ್ ಇನ್‌ಸ್ಟಾಲ್' ಕೊಡಿ. ಆಗ ಅದು ವಿಂಡೋಸ್ ಸೇವೆಯಾಗಿ ನೋಂದಣಿಯಾಗಿ, ಯಂತ್ರ ಶುರುವಾದಾಗಲೆಲ್ಲ ತಾನೇ ಏಳುತ್ತದೆ. ಬ್ರೌಸರ್‌ನಲ್ಲಿ 127.0.0.1:3000 ತೆರೆದರೆ ಸೆಟಪ್ ಪುಟ ಬರುತ್ತದೆ. ನಿಯಂತ್ರಣ ಪುಟಕ್ಕೆ ಅದು ಸೂಚಿಸುವುದು ಪೋರ್ಟ್ 80. ಅದನ್ನು 3000ಕ್ಕೇ ಬಿಡಿ, 80 ಬೇರೆ ಪ್ರೋಗ್ರಾಂಗಳಿಗೆ ಬೇಕಾಗುತ್ತದೆ. 'ಲಿಸನ್ ಇಂಟರ್‌ಫೇಸ್' ಎಂಬಲ್ಲಿ ಎಲ್ಲ ಇಂಟರ್‌ಫೇಸ್ ಬೇಡ, ನಿಯಂತ್ರಣ ಪುಟಕ್ಕೂ ಡಿಎನ್‌ಎಸ್‌ಗೂ 127.0.0.1 ಆರಿಸಿ. ಡಿಎನ್‌ಎಸ್ ಪೋರ್ಟ್ 53. ಒಂದೇ ಯಂತ್ರಕ್ಕೆ ಮಾಡುತ್ತಿರುವ ಕೆಲಸ ಇದು, ಹೊರಗಿನವರಿಗೆ ಕಾಣುವ ಅಗತ್ಯವಿಲ್ಲ.

ಪೋರ್ಟ್ 53 ಈಗಾಗಲೇ ಬಳಕೆಯಲ್ಲಿದೆ ಎಂದರೆ 'ನೆಟ್‌ಸ್ಟ್ಯಾಟ್ -ಎಎನ್‌ಒ' ಓಡಿಸಿ 53ರ ಸಾಲಿನ ಕೊನೆಯಲ್ಲಿರುವ ಪ್ರೋಸೆಸ್ ಸಂಖ್ಯೆ ನೋಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಯಾರದ್ದೆಂದು ತಿಳಿದುಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟ್‌ಗಾಗಿ ಓಡುವ 'ಇಂಟರ್ನೆಟ್ ಕನೆಕ್ಷನ್ ಶೇರಿಂಗ್' ಸೇವೆ ಇಲ್ಲಿ ಮೊದಲ ಅನುಮಾನ. ಹಾಟ್‌ಸ್ಪಾಟ್ ಬಳಸದವರು ಅದನ್ನು ನಿಲ್ಲಿಸಬಹುದು.

ಮುಂದೆ 'ಅಪ್‌ಸ್ಟ್ರೀಮ್', ಅಂದರೆ ತಡೆಯದ ಹೆಸರುಗಳಿಗೆ ಆಡ್‌ಗಾರ್ಡ್ ಹೋಮ್ ಯಾರನ್ನು ಕೇಳಬೇಕು ಎಂಬುದು. ಮೊದಲೇ ಇರುವುದು ಕ್ವಾಡ್9 ಎಂಬ ಡಿಎನ್‌ಎಸ್ ಸೇವೆಯ ಎಚ್‌ಟಿಟಿಪಿಎಸ್ ವಿಳಾಸ, ಹೆಸರಿನ ರೂಪದಲ್ಲಿ. ಅದನ್ನು ತೆಗೆದು ಐಪಿ ರೂಪದ್ದನ್ನೇ ಹಾಕಿ: 'ಎಚ್‌ಟಿಟಿಪಿಎಸ್://9.9.9.9/ಡಿಎನ್‌ಎಸ್-ಕ್ವೆರಿ'. ಎರಡನೆಯದಾಗಿ ಇದೇ ಮಾದರಿಯಲ್ಲಿ ಕ್ಲೌಡ್‌ಫ್ಲೇರ್‌ನ 1.1.1.1. ಹೆಸರಿನ ರೂಪದಲ್ಲಿದ್ದರೆ ಆ ಹೆಸರಿನ ವಿಳಾಸ ತಿಳಿಯಲು ಮತ್ತೊಂದು ಡಿಎನ್‌ಎಸ್ ಬೇಕು, ಅದು ಗೂಢಲಿಪಿ ಇಲ್ಲದ ಪೋರ್ಟ್ 53ರಲ್ಲಿ ಹೋಗುತ್ತದೆ. ಐಪಿ ಕೊಟ್ಟರೆ ಆ ಸುತ್ತು ತಪ್ಪುತ್ತದೆ, ಮುಂದೆ ಫೈರ್‌ವಾಲ್ ಹಾಕುವಾಗ ಇದು ನೆರವಿಗೆ ಬರುತ್ತದೆ. ಅಪ್‌ಸ್ಟ್ರೀಮ್‌ಗೆ ಎಂದೂ 127.0.0.1 ಕೊಡಬೇಡಿ, ಸರ್ವರ್ ತನ್ನನ್ನು ತಾನೇ ಕೇಳುತ್ತಾ ಸುತ್ತುತ್ತದೆ.

ಫಿಲ್ಟರ್ ಪಟ್ಟಿಗಳಲ್ಲಿ ಆಡ್‌ಗಾರ್ಡ್ ಡಿಎನ್‌ಎಸ್ ಫಿಲ್ಟರ್ ಮೊದಲೇ ಇರುತ್ತದೆ. 'ಪಟ್ಟಿಯಿಂದ ಆರಿಸಿ' ಎಂಬಲ್ಲಿ ಹ್ಯಾಗೆಝಿ ಎಂಬ ಹೆಸರಿನ ಪಟ್ಟಿಗಳಿವೆ: ನಾರ್ಮಲ್, ಪ್ರೊ, ಪ್ರೊ ಪ್ಲಸ್ ಪ್ಲಸ್, ಅಲ್ಟಿಮೇಟ್. ಮನೆಯ ಯಂತ್ರಕ್ಕೆ ನಾರ್ಮಲ್ ಅಥವಾ ಪ್ರೊ ಒಂದೇ ಸಾಕು. ಹತ್ತು ಪಟ್ಟಿ ಸೇರಿಸಿದರೆ ತಡೆ ಹತ್ತು ಪಟ್ಟಾಗುವುದಿಲ್ಲ, ಏಕೆಂದರೆ ಈ ಪಟ್ಟಿಗಳು ಒಂದರಿಂದ ಒಂದು ಹೆಸರುಗಳನ್ನು ಪಡೆದೇ ಬೆಳೆದವು. ಹೆಚ್ಚುವುದು ಮೆಮೊರಿ ಬಳಕೆ ಮತ್ತು ತಪ್ಪು ತಡೆಗಳು. ಹೋಸ್ಟ್ಸ್ ರೂಪದ ಪಟ್ಟಿಯನ್ನೂ ಇದು ಸ್ವೀಕರಿಸುತ್ತದೆ, ಆದರೆ ಆಗ ಬರೆದ ಹೆಸರು ಮಾತ್ರ ನಿಲ್ಲುತ್ತದೆ. '||ಡಬಲ್‌ಕ್ಲಿಕ್.ನೆಟ್^' ಎಂಬ ರೂಪದ ನಿಯಮ ಆ ಡೊಮೇನನ್ನೂ ಅದರ ಕೆಳಗಿನ ಎಲ್ಲವನ್ನೂ ಹಿಡಿಯುತ್ತದೆ. ಈ ಹಂತಕ್ಕೆ ಬಂದ ಮೇಲೆ ಹೋಸ್ಟ್ಸ್ ಫೈಲ್‌ಗೆ ಹಾಕಿದ್ದನ್ನು ತೆಗೆದು ಮೂಲ ಪ್ರತಿ ವಾಪಸ್ ಇಡಿ. ಎರಡೂ ಇದ್ದರೆ ಹೋಸ್ಟ್ಸ್ ತಡೆದದ್ದು ಲಾಗ್‌ನಲ್ಲಿ ಕಾಣುವುದಿಲ್ಲ.

ತಡೆಯುವ ವಿಧಾನವನ್ನು ಇದ್ದಂತೆಯೇ ಬಿಡಿ. ಅದು ಐಪಿವಿ4ಕ್ಕೆ (ಐಪಿ ವಿಳಾಸದ ಹಳೆಯ ರೂಪ) 0.0.0.0, ಐಪಿವಿ6ಕ್ಕೆ (ಹೊಸ ರೂಪ) :: ಕೊಡುತ್ತದೆ. 'ರಿಫ್ಯೂಸ್ಡ್' ಆರಿಸಿದರೆ ಕೆಲವು ಪ್ರೋಗ್ರಾಂಗಳು ಮತ್ತೆ ಮತ್ತೆ ಕೇಳುತ್ತವೆ. 'ಈ ಪುಟ ತಡೆಯಲಾಗಿದೆ' ಎಂಬ ಸ್ವಂತ ಪುಟ ತೋರಿಸುವ ಆಸೆಯೂ ಬೇಡ: ಎಚ್‌ಟಿಟಿಪಿಎಸ್‌ನಲ್ಲಿ ಪ್ರಮಾಣಪತ್ರ ಹೊಂದದೆ ಬ್ರೌಸರ್ ಎಚ್ಚರಿಕೆ ಹಾಕುತ್ತದೆ ಅಷ್ಟೆ.

ವಿಂಡೋಸನ್ನು ಅದರ ಕಡೆ ತಿರುಗಿಸುವುದು

ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ ಅಥವಾ ಈಥರ್‌ನೆಟ್, 'ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್', ಎಡಿಟ್, ಮ್ಯಾನುವಲ್. ಐಪಿವಿ4 ಆನ್ ಮಾಡಿ ಮೊದಲ ಜಾಗದಲ್ಲಿ 127.0.0.1 ಬರೆಯಿರಿ. ಎರಡನೇ ಜಾಗ ಖಾಲಿ ಇರಲಿ. 'ಇರಲಿ ಒಂದು ಬದಲಿ' ಎಂದು ಅಲ್ಲಿ ಗೂಗಲ್‌ನ 8.8.8.8 ಹಾಕುವುದೇ ಜಾಹೀರಾತು ಸೋರುವುದಕ್ಕೆ ಅತಿ ಸಾಮಾನ್ಯ ಕಾರಣ. ಮೊದಲನೆಯದು ಸ್ವಲ್ಪ ತಡ ಮಾಡಿದರೂ ವಿಂಡೋಸ್ ಎರಡನೆಯದನ್ನು ಕೇಳಿ ಅಸಲಿ ವಿಳಾಸ ತರುತ್ತದೆ. ಒಮ್ಮೆ ಜಾಹೀರಾತು ಬರುತ್ತದೆ, ಒಮ್ಮೆ ಬರುವುದಿಲ್ಲ ಎಂಬ ದೂರಿದ್ದರೆ ಮೊದಲು ಈ ಜಾಗ ನೋಡಿ.

ಐಪಿವಿ6 ಮರೆಯುವುದು ಎರಡನೇ ಸೋರಿಕೆ. ಈಗಿನ ಫೈಬರ್ ಸಂಪರ್ಕಗಳಲ್ಲಿ ರೌಟರ್ ತಾನಾಗಿ ಐಪಿವಿ6 ಡಿಎನ್‌ಎಸ್ ವಿಳಾಸ ಹಂಚಬಹುದು. 'ಐಪಿಕಾನ್ಫಿಗ್ /ಆಲ್' ಕೊಟ್ಟು 'ಡಿಎನ್‌ಎಸ್ ಸರ್ವರ್ಸ್' ಸಾಲಿನಲ್ಲಿ 127.0.0.1 ಬಿಟ್ಟು ಬೇರೇನಾದರೂ ಇದೆಯೇ ನೋಡಿ. ಇದ್ದರೆ ಅದೇ ಸೆಟ್ಟಿಂಗ್‌ನಲ್ಲಿ ಐಪಿವಿ6ಕ್ಕೆ ::1 (ಐಪಿವಿ6ರಲ್ಲಿ ನಿಮ್ಮದೇ ಯಂತ್ರದ ವಿಳಾಸ) ಕೊಡಿ, ಆಡ್‌ಗಾರ್ಡ್ ಹೋಮ್ ಅನ್ನು ನಿಲ್ಲಿಸಿ ಅದರ ಸಂರಚನೆ ಇರುವ ಯಾಮಲ್ ಫೈಲ್‌ನಲ್ಲಿ 'ಡಿಎನ್‌ಎಸ್' ಭಾಗದ 'ಬೈಂಡ್ ಹೋಸ್ಟ್ಸ್' ಕೆಳಗೆ ::1 ಅನ್ನೂ ಸೇರಿಸಿ ಮತ್ತೆ ಶುರು ಮಾಡಿ. ಯಾಮಲ್‌ನಲ್ಲಿ ಟ್ಯಾಬ್ ಒತ್ತಬೇಡಿ, ಖಾಲಿ ಜಾಗಗಳನ್ನೇ ಬಳಸಿ.

ಮೂರನೆಯದು ಬ್ರೌಸರ್. ಕ್ರೋಮ್ ಮತ್ತು ಎಡ್ಜ್‌ನ 'ಸೆಕ್ಯೂರ್ ಡಿಎನ್‌ಎಸ್'ನಲ್ಲಿ ಯಾವುದಾದರೂ ಸೇವೆ ಆರಿಸಿದ್ದರೆ ಅವು ನಿಮ್ಮ ಸರ್ವರನ್ನು ದಾಟಿ ನೇರ ಹೊರಗೆ ಹೋಗುತ್ತವೆ. ಅದನ್ನು ಆಫ್ ಮಾಡಿ. ಫೈರ್‌ಫಾಕ್ಸ್ ಹೆಚ್ಚು ಸೌಜನ್ಯದ್ದು: ತಾನಾಗಿ ಈ ಸೌಲಭ್ಯ ಹಾಕುವ ಮುನ್ನ ಮೊಝಿಲ್ಲಾ ಗೊತ್ತುಮಾಡಿರುವ ಒಂದು ಪರೀಕ್ಷಾ ಡೊಮೇನನ್ನು ಕೇಳಿ ನೋಡುತ್ತದೆ, ಆಡ್‌ಗಾರ್ಡ್ ಹೋಮ್ ಅದಕ್ಕೆ 'ಇಲ್ಲ' ಎಂದಾಗ ಸುಮ್ಮನಾಗುತ್ತದೆ. ಆದರೆ ನೀವೇ ಕೈಯಾರೆ ಆನ್ ಮಾಡಿದ್ದರೆ ಆ ಪರೀಕ್ಷೆ ನಡೆಯುವುದಿಲ್ಲ.

ಈಗ ಎನ್‌ಎಸ್‌ಲುಕಪ್ ಕೆಲಸಕ್ಕೆ ಬರುತ್ತದೆ. 'ಎನ್‌ಎಸ್‌ಲುಕಪ್ ಡಬಲ್‌ಕ್ಲಿಕ್.ನೆಟ್' ಕೊಟ್ಟರೆ ಸರ್ವರ್ ವಿಳಾಸ 127.0.0.1, ಉತ್ತರ 0.0.0.0 ಇರಬೇಕು.

ಡಿಎನ್‌ಎಸ್ ಸೆಟ್ಟಿಂಗ್ ಲೆಕ್ಕಿಸದೆ ತಮ್ಮದೇ ಸರ್ವರ್‌ಗೆ ಹೋಗುವ ಪ್ರೋಗ್ರಾಂಗಳಿಗೆ ವಿಂಡೋಸ್ ಫೈರ್‌ವಾಲ್‌ನ ಔಟ್‌ಬೌಂಡ್ ನಿಯಮಗಳಲ್ಲಿ ರಿಮೋಟ್ ಪೋರ್ಟ್ 53 ಮತ್ತು 853 (ಗೂಢಲಿಪಿಯ ಡಿಎನ್‌ಎಸ್‌ನದ್ದು) ತಡೆಯಿರಿ, ಟಿಸಿಪಿ ಒಂದು ನಿಯಮ, ಯುಡಿಪಿ ಒಂದು. ಈ ಫೈರ್‌ವಾಲ್‌ನಲ್ಲಿ ತಡೆ ನಿಯಮ ಅನುಮತಿ ನಿಯಮವನ್ನು ಮೀರುತ್ತದೆ, ಹಾಗಾಗಿ ಆಡ್‌ಗಾರ್ಡ್ ಹೋಮ್‌ಗೆ ಮಾತ್ರ ಬಿಡುವ ನಿಯಮ ಬರೆದು ಪ್ರಯೋಜನವಿಲ್ಲ. ಅಪ್‌ಸ್ಟ್ರೀಮ್ ಅನ್ನು ಐಪಿ ರೂಪದ ಎಚ್‌ಟಿಟಿಪಿಎಸ್ ಮಾಡಿದ್ದು ಇದಕ್ಕೇ: ಅದು ಪೋರ್ಟ್ 443ರಲ್ಲಿ ಹೋಗುತ್ತದೆ, 53 ಅದಕ್ಕೆ ಬೇಕೇ ಇಲ್ಲ.

ಕೆಡುವುದು ಮತ್ತು ಲಾಗ್ ಓದುವುದು

ಗೂಗಲ್‌ನಲ್ಲಿ 'ಮಿಕ್ಸರ್ ಗ್ರೈಂಡರ್' ಹುಡುಕಿ, ಎಲ್ಲಕ್ಕಿಂತ ಮೇಲಿರುವ ಪ್ರಾಯೋಜಿತ ಫಲಿತಾಂಶ ಒತ್ತಿ. ಪುಟ ತೆರೆಯುವುದಿಲ್ಲ. ನಿಯಂತ್ರಣ ಪುಟದ 'ಕ್ವೆರಿ ಲಾಗ್' ತೆರೆದರೆ ಮೇಲಿನ ಸಾಲುಗಳಲ್ಲೇ ಕೆಂಪು ಬಣ್ಣದಲ್ಲಿ 'ಗೂಗಲ್‌ಆ್ಯಡ್‌ಸರ್ವಿಸಸ್.ಕಾಮ್' ಇರುತ್ತದೆ, ಅದನ್ನು ಒತ್ತಿದರೆ ಯಾವ ಪಟ್ಟಿಯ ಯಾವ ನಿಯಮ ತಡೆಯಿತೆಂದು ತೋರಿಸುತ್ತದೆ. ಆ ಕೊಂಡಿ ಅಂಗಡಿಗೆ ನೇರ ಹೋಗುವುದಿಲ್ಲ, ಲೆಕ್ಕ ಇಡುವ ಸರ್ವರ್ ಮೂಲಕ ಹೋಗುತ್ತದೆ. ಇದನ್ನು ಬಿಡಿಸಬೇಡಿ, ಕೆಳಗಿನ ಸಾಮಾನ್ಯ ಫಲಿತಾಂಶ ಒತ್ತಿ. ಸುದ್ದಿಪತ್ರಗಳ 'ಅನ್‌ಸಬ್‌ಸ್ಕ್ರೈಬ್' ಕೊಂಡಿ ಕೆಡುವುದೂ ಇದೇ ಕಾರಣಕ್ಕೆ. ಅದಕ್ಕೆ ಹೊಸ ನಿಯಮ ಬರೆಯುವುದಕ್ಕಿಂತ ತಡೆಯನ್ನು ಕೆಲವು ಕ್ಷಣ ವಿರಾಮಕ್ಕೆ ಹಾಕುವ ಬಟನ್ ಬಳಸುವುದು ಮೇಲು.

ಕಾಯಂ ಬಿಡಬೇಕಾದ್ದಕ್ಕೆ ನಿಯಮ '@@||ಹೆಸರು^'. ಬಿಟ್ಟ ಮೇಲೂ ಪುಟ ಬರದಿದ್ದರೆ ಬ್ರೌಸರ್ ತನ್ನ ನೆನಪಿನಿಂದ ಹಳೆಯ ಉತ್ತರ ಕೊಡುತ್ತಿರಬಹುದು, ಪೂರ್ತಿ ಮುಚ್ಚಿ ತೆರೆಯಿರಿ. ಇಂಟರ್ನೆಟ್ ಓಡುತ್ತಿದ್ದರೂ ವಿಂಡೋಸ್ 'ನೋ ಇಂಟರ್ನೆಟ್' ಎನ್ನುತ್ತಿದ್ದರೆ ಅದು ಪರೀಕ್ಷೆಗೆ ಬಳಸುವ 'ಎಂಎಸ್‌ಎಫ್‌ಟಿಕನೆಕ್ಟ್‌ಟೆಸ್ಟ್.ಕಾಮ್' ತಡೆಗೆ ಸಿಕ್ಕಿದೆಯೇ ಎಂದು ಲಾಗ್‌ನಲ್ಲಿ ನೋಡಿ. ಲಾಗ್ 90 ದಿನ ಉಳಿಯುವಂತೆ ಮೊದಲೇ ಹೊಂದಿಸಿರುತ್ತದೆ. ಮನೆಯವರೆಲ್ಲ ಬಳಸುವ ಯಂತ್ರದಲ್ಲಿ ಯಾರು ಯಾವ ತಾಣ ನೋಡಿದರೆಂಬ ದಾಖಲೆ ಅಷ್ಟು ದಿನ ಇರುವುದು ಸರಿಯಲ್ಲ. 24 ಗಂಟೆಗೆ ಇಳಿಸಿ.

ಲ್ಯಾಪ್‌ಟಾಪ್ ಆದರೆ ರೈಲು ನಿಲ್ದಾಣದ, ಹೋಟೆಲಿನ ವೈಫೈನಲ್ಲಿ ಒಟಿಪಿ ಕೇಳುವ ಪುಟ ಬರುವುದಿಲ್ಲ. ಆ ಪುಟ ಬರುವುದು ಅವರ ಡಿಎನ್‌ಎಸ್ ಕೊಡುವ ಉತ್ತರದಿಂದ, ನಿಮ್ಮ ಯಂತ್ರ ಅವರನ್ನು ಕೇಳುವುದೇ ಇಲ್ಲ. ಡಿಎನ್‌ಎಸ್ ಅನ್ನು ಆಟೊಮ್ಯಾಟಿಕ್‌ಗೆ ಹಾಕಿ, ಲಾಗಿನ್ ಆಗಿ, ಮತ್ತೆ 127.0.0.1 ಮಾಡಿ. ಫೈರ್‌ವಾಲ್ ನಿಯಮ ಹಾಕಿದ್ದರೆ ಅದನ್ನೂ ಆ ಹೊತ್ತಿಗೆ ಆಫ್ ಮಾಡಬೇಕು.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ವಿಚಿತ್ರ ತೊಂದರೆ ಇದೆ. ಕರೆಂಟ್ ಹೋಗಿ ಬಂದ ಮೇಲೆ ಒಂದು ಪುಟವೂ ತೆರೆಯುವುದಿಲ್ಲ, ರೌಟರ್ ಸರಿ ಇದೆ, ಆಡ್‌ಗಾರ್ಡ್ ಹೋಮ್ ಓಡುತ್ತಿದೆ. ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ನಾಣ್ಯದಾಕಾರದ ಸೆಲ್ ಸತ್ತಿದ್ದರೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಆಗ ಎಚ್‌ಟಿಟಿಪಿಎಸ್ ಅಪ್‌ಸ್ಟ್ರೀಮ್‌ನ ಪ್ರಮಾಣಪತ್ರ ಅಮಾನ್ಯವಾಗುತ್ತದೆ, ಹೆಸರುಗಳಿಗೆ ವಿಳಾಸ ಸಿಗುವುದಿಲ್ಲ, ಸಮಯ ಸರಿಪಡಿಸುವ ಸರ್ವರ್‌ನ ಹೆಸರಿಗೂ ಸಿಗುವುದಿಲ್ಲ. ತಾನಾಗಿ ಸರಿಹೋಗುವ ದಾರಿಯೇ ಇಲ್ಲ. ದಿನಾಂಕ ಕೈಯಿಂದ ಹಾಕಿ, ಆಮೇಲೆ ಸಿಆರ್2032 ಸೆಲ್ ಬದಲಿಸಿ.

ತಡೆಯಲಾಗದ್ದು

ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲುವುದಿಲ್ಲ. ಜಾಹೀರಾತೂ ವಿಡಿಯೊ ಕೂಡ 'ಗೂಗಲ್‌ವಿಡಿಯೊ.ಕಾಮ್' ಸರ್ವರ್‌ಗಳಿಂದಲೇ ಬರುತ್ತವೆ, ಒಂದನ್ನು ತಡೆದರೆ ಎರಡೂ ಹೋಗುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳ ನಡುವಿನ ಪ್ರಾಯೋಜಿತಗಳದ್ದೂ ಅದೇ ಕಥೆ. ಇವಕ್ಕೆ ಬ್ರೌಸರ್‌ನಲ್ಲಿ ಯುಬ್ಲಾಕ್ ಒರಿಜಿನ್ ಬೇಕು. ಪೂರ್ಣ ರೂಪ ಫೈರ್‌ಫಾಕ್ಸ್‌ನಲ್ಲಿದೆ, ಕ್ರೋಮ್‌ನಲ್ಲಿ ಈಗ ಉಳಿದಿರುವುದು ಲೈಟ್ ಆವೃತ್ತಿ. ವಿಂಡೋಸ್‌ನ ಸ್ಟಾರ್ಟ್ ಮೆನು ಮತ್ತು ಲಾಕ್ ಸ್ಕ್ರೀನ್ ಸಲಹೆಗಳನ್ನು 'ಪರ್ಸನಲೈಸೇಶನ್' ಸೆಟ್ಟಿಂಗ್‌ನಲ್ಲೇ ಆಫ್ ಮಾಡಬಹುದು, ಡಿಎನ್‌ಎಸ್‌ನಲ್ಲಿ ಅವುಗಳ ಬೆನ್ನು ಹತ್ತಿದರೆ ಅಪ್‌ಡೇಟ್ ಕೆಡುತ್ತದೆ.

ಜಾಹೀರಾತಿನ ಹಣದಲ್ಲೇ ನಡೆಯುವ ಸಣ್ಣ ಕನ್ನಡ ತಾಣಗಳಿವೆ. ಅಂಥ ಒಂದಕ್ಕೆ ಮಾತ್ರ ಜಾಹೀರಾತು ಬಿಡಬೇಕೆಂದರೆ ಡಿಎನ್‌ಎಸ್ ಮಟ್ಟದಲ್ಲಿ ಆಗುವುದಿಲ್ಲ: ಯಾವ ಪುಟ ಕೇಳುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ, ಎಲ್ಲ ತಾಣಗಳೂ ಕೇಳುವುದು ಅದೇ ಜಾಹೀರಾತು ಸರ್ವರನ್ನೇ. ಆ ತಾಣ ಚಂದಾ ತೆಗೆದುಕೊಳ್ಳುತ್ತಿದ್ದರೆ ಚಂದಾ ಕೊಡುವುದೇ ನೇರ ದಾರಿ.

ಲಿನಕ್ಸ್‌ನಲ್ಲಿ ಉಬುಂಟು, ಮಿಂಟ್ ಬಳಸುವವರಿಗೆ ಪೋರ್ಟ್ 53 ಹಿಡಿದಿರುವುದು ಸಿಸ್ಟಂಡಿ-ರಿಸಾಲ್ವ್ಡ್ ಎಂಬ ಸೇವೆ. ಅದರ ಸಂರಚನೆಯಲ್ಲಿ 'ಡಿಎನ್‌ಎಸ್=127.0.0.1' ಮತ್ತು 'ಡಿಎನ್‌ಎಸ್‌ಸ್ಟಬ್‌ಲಿಸನರ್=ನೋ' ಹಾಕಿ, ಇಟಿಸಿಯ 'ರಿಸಾಲ್ವ್.ಕಾನ್ಫ್' ಕೊಂಡಿಯನ್ನು ರನ್ ಫೋಲ್ಡರ್‌ನ ಸಿಸ್ಟಂಡಿ ರಿಸಾಲ್ವ್ ಒಳಗಿನ 'ರಿಸಾಲ್ವ್.ಕಾನ್ಫ್'ಗೆ ತಿರುಗಿಸಿ, ಸೇವೆಯನ್ನು ಮರುಶುರು ಮಾಡಿ. ಉಳಿದದ್ದೆಲ್ಲ ಮೇಲಿನಂತೆಯೇ.

ಎಂದಾದರೂ ತೆಗೆಯಬೇಕಾದರೆ ಕ್ರಮ ಮುಖ್ಯ. ಮೊದಲು ಐಪಿವಿ4, ಐಪಿವಿ6 ಎರಡರ ಡಿಎನ್‌ಎಸ್ ಆಟೊಮ್ಯಾಟಿಕ್‌ಗೆ ಹಾಕಿ, ಫೈರ್‌ವಾಲ್ ನಿಯಮಗಳನ್ನು ಅಳಿಸಿ, ಆಮೇಲೆ 'ಆಡ್‌ಗಾರ್ಡ್‌ಹೋಮ್.ಇಎಕ್ಸ್‌ಇ -ಎಸ್ ಅನ್‌ಇನ್‌ಸ್ಟಾಲ್', ಕೊನೆಗೆ ಫೋಲ್ಡರ್. ಫೋಲ್ಡರನ್ನೇ ಮೊದಲು ಅಳಿಸಲು ಹೋದರೆ ಓಡುತ್ತಿರುವ ಸೇವೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಸೇವೆಯನ್ನೇ ಮೊದಲು ತೆಗೆದರೆ ಡಿಎನ್‌ಎಸ್ ವಾಪಸ್ ಹಾಕುವವರೆಗೆ ಯಾವ ತಾಣವೂ ತೆರೆಯುವುದಿಲ್ಲ.